ಸಂಘಕ್ಕೆ ಟೀವಿಯವರ ಕ್ಯಾಮೆರಾನೇ ಬೇಕಾ?

ಕಳೆದ ಭಾನುವಾರ ನಮ್ಮ ಬೆಳೆಗಾರರ ಸಭೆಯಲ್ಲಿ ಎದ್ದ ಚರ್ಚೆ ನಿಮಗೆಲ್ಲ ಗೊತ್ತೇ ಇದೆ. ಮದ್ದು ಮಾಡೋದು, ಕೊನೆ ಕೊಯ್ಯೋದು, ಕಾಳುಮೆಣಸಿಗೆ ಕಸಿ ಕಟ್ಟೋದು, ಇವನ್ನೆಲ್ಲ ಬಲ್ಲವರು ಇರುವಾಗಲೇ ವಿಡಿಯೋ ಮಾಡಿ ಇಟ್ಕೋಬೇಕು ಅನ್ನೋದಕ್ಕೆ ಯಾರ ತಕರಾರೂ ಇಲ್ಲ. ತಕರಾರು ಇರೋದು ಕ್ಯಾಮೆರಾದ್ದು. ಹುಡುಗರು ಹೆಗಲ ಮೇಲಿಟ್ಟು ತೆಗೆಯುವ ಹಳೇ ಟೀವಿ ಕ್ಯಾಮೆರಾ ಒಂದನ್ನು ಹುಡುಕಿದ್ದಾರೆ, ಮೂರೂವರೆ ಲಕ್ಷ ಅಂತೆ. ಮಾಡೋದಾದ್ರೆ ಟೀವಿ ಕ್ವಾಲಿಟಿಯಲ್ಲೇ ಮಾಡೋಣ ಅಂತ ಅವರ ವಾದ. ಸಣ್ಣ ಹ್ಯಾಂಡಿಕ್ಯಾಮ್ ಮೇಲೂ ಫುಲ್ ಎಚ್‌ಡಿ ಅಂತಲೇ ಬರೆದಿರುತ್ತೆ, ಎರಡೂ ಒಂದೇ ಅಂತ ಇನ್ನು ಕೆಲವರ ವಾದ. ನನ್ನ ಪ್ರಕಾರ ಎರಡೂ ತಪ್ಪು. ಸಭೆಯಲ್ಲಿ ಪೂರ್ತಿ ಹೇಳೋಕೆ ಆಗಲಿಲ್ಲ, ಇಲ್ಲಿ ಬರೀತೀನಿ. ಉದ್ದ ಆಗುತ್ತೆ, ಹಾಲು ಕರೆದು ಬಂದು ಓದಿ.

ಹೋದ ವರ್ಷ ಒಂದು ಕೃಷಿ ಕಾರ್ಯಕ್ರಮದವರು ನಮ್ಮ ತೋಟಕ್ಕೆ ಬಂದಿದ್ದರು. ಅವರ ಕ್ಯಾಮೆರಾದ ಪಕ್ಕದಲ್ಲೇ ನನ್ನ 18 ಸಾವಿರದ ಹ್ಯಾಂಡಿಕ್ಯಾಮನ್ನೂ ಸ್ಟ್ಯಾಂಡ್ ಮೇಲೆ ಇಟ್ಟೆ. ಕ್ಯಾಮೆರಾದವ ಒಳ್ಳೇ ಹುಡುಗ. ಊಟಕ್ಕೆ ಮೊದಲು ತನ್ನ ಲ್ಯಾಪ್‌ಟಾಪಿಗೆ ಎರಡನ್ನೂ ಹಾಕಿ, "ಈಗ ನೋಡಿ ಸರ್" ಅಂದ.

ಅಂಗಳದಲ್ಲಿ ತೆಗೆದದ್ದು ನೋಡಿದರೆ ನಿಜಕ್ಕೂ ವ್ಯತ್ಯಾಸ ಹುಡುಕಬೇಕಾಯ್ತು. ಬೆಳಗಿನ ಬಿಸಿಲು, ಸುಣ್ಣ ಬಳಿದ ಗೋಡೆ, ಅಲುಗಾಡದೆ ನಿಂತ ನಾನು. ನನ್ನ ಹ್ಯಾಂಡಿಕ್ಯಾಮ್ ಚೂರು ಹೆಚ್ಚೇ ಚೂಪಾಗಿ ಕಂಡಿತು, ಮನೆಯವಳಿಗೆ ಅದೇ ಇಷ್ಟವಾಯ್ತು! ಸಣ್ಣ ಕ್ಯಾಮೆರಾ ಅಂಚುಗಳನ್ನು ತಾನೇ ತಿದ್ದಿ ಚೂಪು ಮಾಡುತ್ತೆ ಅಂತ ಆಮೇಲೆ ಗೊತ್ತಾಯ್ತು.

ತೋಟದೊಳಗಿನದು ಬಂದಾಗ ಬಣ್ಣ ಬಯಲಾಯ್ತು. ಅಡಕೆ ತೋಟ ಅಂದ್ರೆ ಸಣ್ಣ ಕ್ಯಾಮೆರಾಕ್ಕೆ ಅತಿ ಕಷ್ಟದ ಜಾಗ. ಕೆಳಗೆ ಕತ್ತಲೆ, ಸೋಗೆಯ ಸಂದಿಯಲ್ಲಿ ಕಣ್ಣು ಕುಕ್ಕುವ ಆಕಾಶ, ಗಾಳಿಗೆ ಸಾವಿರಾರು ಎಲೆ ಒಟ್ಟಿಗೆ ಅಲುಗಾಟ. ನನ್ನದರಲ್ಲಿ ಆಕಾಶ ಪೂರ್ತಿ ಬಿಳಿ ಬಟ್ಟೆ ಹಾಸಿದ ಹಾಗೆ ಕಂಡಿತು. ಬುಡದ ಕಪ್ಪಿನಲ್ಲಿ ಇರುವೆ ಹರಿದಾಡಿದ ಹಾಗೆ ಚುಕ್ಕೆಗಳು. ಗಾಳಿ ಬಂದ ಕೂಡಲೇ ಸೋಗೆಯೆಲ್ಲ ಕಲಸಿದ ಹಸಿರು ಹಿಟ್ಟು. ಅವರದರಲ್ಲಿ ಒಂದೊಂದು ಗರಿ ಎಣಿಸಬಹುದಿತ್ತು.

ಎರಡರಲ್ಲೂ ಚಿತ್ರ 1920 ಅಡ್ಡ, 1080 ಉದ್ದ, ಸುಮಾರು 20 ಲಕ್ಷ ಚುಕ್ಕಿ. ಡಬ್ಬದ ಮೇಲೆ ಬರೆದದ್ದು ಸುಳ್ಳಲ್ಲ. ಆದರೆ ಚುಕ್ಕಿ ಎಷ್ಟು ಅನ್ನೋದು ಗದ್ದೆ ಎಷ್ಟು ಎಕರೆ ಅಂದ ಹಾಗೆ, ಮಣ್ಣು ಹೇಗಿದೆ ಅಂತ ಅದು ಹೇಳೋದಿಲ್ಲ. ಅವರ ಕ್ಯಾಮೆರಾದಲ್ಲಿ ಕೆಂಪು, ಹಸಿರು, ನೀಲಿಗೆ ಒಂದೊಂದರಂತೆ ಮೂರು ಸೆನ್ಸರ್. ಗಾಜಿನ ಪ್ರಿಸಂ ಬೆಳಕನ್ನು ಒಡೆದು ಮೂರಕ್ಕೂ ಹಂಚುತ್ತೆ. ಒಂದೊಂದೂ ಮೂಲೆಯಿಂದ ಮೂಲೆಗೆ ಸುಮಾರು 11 ಮಿಲಿಮೀಟರ್. ನನ್ನದರಲ್ಲಿ ಒಂದೇ ಸೆನ್ಸರ್, 3 ಮಿಲಿಮೀಟರ್ ಆಸುಪಾಸು. ಅವರೆಕಾಳಿಗೂ ಕೊತ್ತಂಬರಿ ಬೀಜಕ್ಕೂ ಇರುವಷ್ಟು ಅಂತರ. ಬೆಳಕು ಹಿಡಿಯುವ ಜಾಗ ಲೆಕ್ಕ ಹಾಕಿದರೆ ಹತ್ತು ಪಟ್ಟಿಗಿಂತ ಹೆಚ್ಚು. ಕತ್ತಲಲ್ಲಿ ಇರುವೆ ಹರಿದದ್ದು ಅದಕ್ಕೇ.

ಎಲೆ ಹಿಟ್ಟಾಗೋದಕ್ಕೆ ಬೇರೆ ಕಾರಣ. ಈ ಕ್ಯಾಮೆರಾಗಳು ಪ್ರತಿ ಚಿತ್ರವನ್ನೂ ಪೂರ್ತಿ ಬರೆಯೋದಿಲ್ಲ, ಹಿಂದಿನದಕ್ಕಿಂತ ಏನು ಬದಲಾಯ್ತೋ ಅಷ್ಟನ್ನೇ ಬರೀತವೆ. ಗೋಡೆ ಮುಂದೆ ನಿಂತವ ಮಾತಾಡಿದರೆ ಬದಲಾಗೋದು ಬಾಯಿ ಮಾತ್ರ. ತೋಟದಲ್ಲಿ ಗಾಳಿ ಬಂದರೆ ಇಡೀ ಚಿತ್ರವೇ ಬದಲು. ನನ್ನ ಕ್ಯಾಮೆರಾದ ಎವಿಸಿಎಚ್‌ಡಿ ಅನ್ನೋ ವಿಧಾನದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 24 ಮೆಗಾಬಿಟ್ ಬರೆಯುತ್ತೆ. ಅವರದ್ದು 50. ಹಿಂಡುವ ವಿಧಾನ ಬೇರೆ ಬೇರೆ, ಹಾಗಾಗಿ ನೇರಾನೇರ ಅರ್ಧ ಅಂತಲ್ಲ. ಆದರೂ ಸಣ್ಣ ಪೈಪಿಗೆ ದೊಡ್ಡ ಮೋಟಾರು ಕಟ್ಟಿದ ಹಾಗೆ, ನೀರು ಎಲ್ಲೋ ಒಂದು ಕಡೆ ಚೆಲ್ಲಲೇಬೇಕು. ಇನ್ನೊಂದು ಮಾತು: ನನ್ನದು ಅಂಗಡಿಯಿಂದ ಬಂದಾಗ 9 ಮೆಗಾಬಿಟ್ಟಿಗೆ ಸೆಟ್ ಆಗಿತ್ತು. ಎರಡು ವರ್ಷ ಗೊತ್ತೇ ಆಗದೆ ಹಾಗೇ ತೆಗೆದೆ. ನಿಮ್ಮಲ್ಲಿ ಇದ್ದವರು ಇವತ್ತೇ ಮೆನು ತೆಗೆದು ನೋಡಿ.

ಬಣ್ಣದಲ್ಲೂ ಹಾಗೆ. ನಾಲ್ಕು ಚುಕ್ಕಿಗೆ ಬೆಳಕಿನ ಲೆಕ್ಕ ನಾಲ್ಕೂ ಬರೆದರೆ, ಬಣ್ಣದ ಲೆಕ್ಕ ಅವರದರಲ್ಲಿ ಎರಡು, ನಮ್ಮದರಲ್ಲಿ ಒಂದೇ. ಮದ್ದು ಮಾಡುವಾಗ ಚಾಕು ಅದ್ದಿ ನೋಡ್ತೀವಲ್ಲ, ಸುಣ್ಣ ಕಡಿಮೆಯಾಗಿ ತಾಮ್ರ ಹೆಚ್ಚಾಗಿದ್ದರೆ ಅಲಗಿನ ಮೇಲೆ ಕೆಂಪಗೆ ಕೂರುತ್ತೆ. ಆ ಕೆಂಪು ವಿಡಿಯೋದಲ್ಲಿ ಕಾಣಬೇಕು, ಇಲ್ಲದಿದ್ದರೆ ಆ ವಿಡಿಯೋ ಯಾಕೆ? ಮೊದಲ ಸಲ ನನ್ನದರಲ್ಲಿ ಕಾಣಲೇ ಇಲ್ಲ. ಕ್ಯಾಮೆರಾದವ ಹೇಳಿದ: "ಸರ್, ತಪ್ಪು ಕ್ಯಾಮೆರಾದ್ದಲ್ಲ, ಸೋಗೆ ಕೆಳಗಿನ ಹಸಿರು ಬೆಳಕಿಗೆ ಅದು ಮೋಸ ಹೋಗಿದೆ." ಬಿಳಿ ಪಂಚೆ ತೋರಿಸಿ ವೈಟ್ ಬ್ಯಾಲೆನ್ಸ್ ಮಾಡಿ, ಚಾಕುವನ್ನು ಅಂಗಳದ ನೆರಳಿಗೆ ತಂದು ಹತ್ತಿರದಿಂದ ತೆಗೆದೆವು. ಅದೇ 18 ಸಾವಿರದ ಕ್ಯಾಮೆರಾದಲ್ಲಿ ಕೆಂಪು ಚೆನ್ನಾಗಿ ಕಂಡಿತು.

ಹಾಗಾದರೆ ಟೀವಿಯವರಿಗೆ 50 ಯಾಕೆ ಬೇಕು? ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟವೂ ಎಚ್‌ಡಿ ಕಾರ್ಯಕ್ರಮಕ್ಕೆ ಈ ತರಹ ಹಿಂಡುವ ಕ್ಯಾಮೆರಾಗಳಲ್ಲಿ ಕನಿಷ್ಠ 50 ಇರಲಿ ಅಂತ ಶಿಫಾರಸು ಮಾಡಿದೆ. ಕಾರಣ ಸರಳ. ಅವರು ತೆಗೆದದ್ದು ಎಡಿಟಿಂಗಿಗೆ ಹೋಗುತ್ತೆ, ಬಣ್ಣ ತಿದ್ದುತ್ತಾರೆ, ಅಕ್ಷರ ಹಾಕುತ್ತಾರೆ, ಮತ್ತೆ ಹಿಂಡಿ ಉಪಗ್ರಹಕ್ಕೆ ಕಳಿಸುತ್ತಾರೆ, ಕೇಬಲ್ಲಿನವ ಇನ್ನೊಮ್ಮೆ ಹಿಂಡುತ್ತಾನೆ. ದಾರಿಯಲ್ಲಿ ನಾಲ್ಕು ಕಡೆ ನೀರು ಬೀಳುತ್ತೆ ಅಂತಾದರೆ ಮನೆಯಿಂದ ಹಾಲು ಗಟ್ಟಿಯಾಗೇ ಹೊರಡಬೇಕಲ್ವಾ. ನಮ್ಮದು ಹಾಗಲ್ಲ. ಹಿಂದೆ ಮುಂದೆ ಕತ್ತರಿಸಿ ಯೂಟ್ಯೂಬಿಗೆ ಹಾಕ್ತೀವಿ, ನೋಡೋರು ಅಂಗೈಯಗಲದ ಫೋನಿನಲ್ಲಿ ನೋಡ್ತಾರೆ. ವಾಟ್ಸಾಪಿನಲ್ಲಿ ವಿಡಿಯೋ ಅಂತ ಕಳಿಸಿದರಂತೂ ಯಾವ ಕ್ಯಾಮೆರಾ ಆದರೂ ಒಂದೇ ಗತಿ. ಡಾಕ್ಯುಮೆಂಟ್ ಮಾಡಿ ಕಳಿಸಿ ಮಾರಾಯ್ರೇ, ಎಷ್ಟು ಸಲ ಹೇಳೋದು.

ಫೋನೇ ಸಾಕಲ್ಲ ಅನ್ನೋರಿಗೆ: ಕೈಯಳತೆಯ ಕೆಲಸಕ್ಕೆ ಸಾಕು. ನಲವತ್ತು ಐವತ್ತು ಅಡಿ ಮೇಲೆ ಕೊನೆಗೌಡ ಕೊನೆಗೆ ಕತ್ತಿ ಹಾಕೋದನ್ನು ಕೆಳಗೆ ನಿಂತು ಫೋನಲ್ಲಿ ತೆಗೆದು ನೋಡಿ. ಹ್ಯಾಂಡಿಕ್ಯಾಮಿನ ಮಸೂರ ನಿಜವಾಗಿ ಹತ್ತಿರ ಎಳೆಯುತ್ತೆ, ಅದಕ್ಕೇ ಅದು ಇನ್ನೂ ಬೇಕು.

ಈಗ ನನ್ನ ನಿಜವಾದ ಮಾತಿಗೆ ಬರ್ತೀನಿ. ಆರು ವರ್ಷದ ಹಿಂದೆ ನಮ್ಮ ಮನೆಗೆ ತಲೆಮಾರಿನಿಂದ ಬರುತ್ತಿದ್ದ ಕೊನೆಗೌಡರನ್ನು ಇದೇ ಕ್ಯಾಮೆರಾದಲ್ಲಿ ತೆಗೆದೆ. ಮಳೆ ಹೊಳವಾದ ದಿನ. ಮರದಿಂದ ಮರಕ್ಕೆ ದಾಟುವಾಗ ಯಾವ ಮರ ಬಾಗುತ್ತೆ, ಯಾವುದು ಮುರಿಯುತ್ತೆ ಅಂತ ಹೇಗೆ ತಿಳೀತೀರಿ ಅಂತ ಕೇಳಿದ್ದೆ. ಮೇಲಿಂದಲೇ ಹತ್ತು ನಿಮಿಷ ಹೇಳಿದರು. ಚಿತ್ರ ಚೆನ್ನಾಗೇ ಬಂದಿದೆ. ಧ್ವನಿ ಇಲ್ಲ. ಕಾದಿಗೆಯ ಪಕ್ಕದ ಪಂಪು, ಗಾಳಿ, ನನ್ನದೇ ಉಸಿರು, ಇವಿಷ್ಟೇ ಕೇಳೋದು. ಮೈಕು ಇದ್ದದ್ದು ಕ್ಯಾಮೆರಾದಲ್ಲಿ, ಮಾತು ಇದ್ದದ್ದು ಮರದ ತುದಿಯಲ್ಲಿ. ಮಾರನೇ ವರ್ಷ ಅವರು ತೀರಿಕೊಂಡರು. ಹೋದ ದೀಪಾವಳಿಗೆ ಅವರ ಮಗ ಬಂದಾಗ ತೋರಿಸಿದೆ. ಅಪ್ಪನ ಬಾಯಿ ಆಡೋದನ್ನೇ ಮೂರು ಸಲ ಹಾಕಿಸಿಕೊಂಡು ನೋಡಿದ. "ಏನ್ ಹೇಳ್ತಾ ಇದಾನೆ ಅಯ್ಯಾ?" ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ದಿನ ಮೂರೂವರೆ ಲಕ್ಷದ ಕ್ಯಾಮೆರಾ ಕೈಯಲ್ಲಿದ್ದಿದ್ದರೂ, ಮೈಕು ಕ್ಯಾಮೆರಾದ ಮೇಲೇ ಇದ್ದಿದ್ದರೆ ಇದೇ ಆಗುತ್ತಿತ್ತು. ಟೀವಿಯವರು ಬಂದಾಗ ನಾನು ಗಮನಿಸಿದ್ದು, ಮೊದಲ ಕಾಲು ಗಂಟೆ ಕ್ಯಾಮೆರಾ ಮುಟ್ಟಲೇ ಇಲ್ಲ. ನನ್ನ ಅಂಗಿಗೆ ಮೈಕು ಸಿಕ್ಕಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಪಕ್ಕದ ಮನೆಯ ಪಂಪು ಬಂದ್ ಮಾಡಿಸಿದರು.

ಹಳೇ ದೊಡ್ಡ ಕ್ಯಾಮೆರಾಕ್ಕೆ ನನ್ನ ಇನ್ನೊಂದು ಆಕ್ಷೇಪ ನಮ್ಮ ಮಳೆಗಾಲ. ಮಸೂರದೊಳಗೆ ಬೂಸ್ಟು ಹಿಡಿದರೆ ಮುಗೀತು, ಆ ಜಾತಿಯ ಮಸೂರಕ್ಕೇ ಲಕ್ಷಗಟ್ಟಲೆ. ಬ್ಯಾಟರಿ, ಕಾರ್ಡು ಪೇಟೆಯಲ್ಲಿ ಸಿಗೋದಿಲ್ಲ. ಹೊತ್ತುಕೊಂಡು ಸಂಕ ದಾಟೋರು ಯಾರು?

ಮುಂದಿನ ಸಭೆಗೆ ನನ್ನ ಸಲಹೆ ಇಷ್ಟು. ಹೊರಗಿನ ಮೈಕು ಸಿಕ್ಕಿಸುವ ತೂತು ಇರುವ ಸಣ್ಣ ಕ್ಯಾಮೆರಾ ಒಂದು. ತೀರಾ ಅಗ್ಗದವಕ್ಕೆ ಅದು ಇರೋದಿಲ್ಲ, ನೋಡಿ ತಗೊಳ್ಳಿ. ಅಮೆರಿಕದಿಂದ ಮಕ್ಕಳ ಹತ್ತಿರ ತರಿಸೋದು ಬೇಡ, ಅಲ್ಲಿನ ಕರೆಂಟಿನ ಲೆಕ್ಕದ ಕ್ಯಾಮೆರಾದಲ್ಲಿ ನಮ್ಮ ಟ್ಯೂಬ್‌ಲೈಟು ಮಿಣುಕುತ್ತೆ. ಅಂಗಿಗೆ ಸಿಕ್ಕಿಸುವ ವೈರ್‌ಲೆಸ್ ಮೈಕು ಎರಡು. ಗಟ್ಟಿ ಸ್ಟ್ಯಾಂಡು, ಹೆಡ್‌ಫೋನ್. ಗಂಟೆಗೆ ಸುಮಾರು 11 ಜಿಬಿ ಬೇಕಾಗುತ್ತೆ, ಹಾಗಾಗಿ ಎರಡು ಹಾರ್ಡ್ ಡಿಸ್ಕು, ಎರಡೂ ಬೇರೆ ಬೇರೆ ಮನೆಯಲ್ಲಿ ಇರಲಿ. ಎಲ್ಲ ಸೇರಿ ಲಕ್ಷದೊಳಗೆ ಮುಗಿಯುತ್ತೆ. ಉಳಿದ ದುಡ್ಡಲ್ಲಿ ಬಲ್ಲವರಿಗೆ ಒಂದು ದಿನದ ಕೂಲಿ ಕೊಟ್ಟು ಕೂರಿಸಿ ಮಾತಾಡಿಸೋಣ. ಕೆಳಗಿನಕೇರಿಯಲ್ಲಿ ಕಾಳುಮೆಣಸಿಗೆ ಕಸಿ ಕಟ್ಟುವ ಅಜ್ಜನಿಗೆ ಎಂಬತ್ತು ದಾಟಿದೆ. ಅವರಿಗೆ ಮೈಕು ಹಾಕುವ ದಿನ ಯಾವುದು ಅಂತ ಭಾನುವಾರವೇ ನಿಗದಿ ಮಾಡಿಕೊಳ್ಳೋಣ, ಅಲ್ಲಿಯವರೆಗೆ ನನ್ನ ಹಳೇ ಹ್ಯಾಂಡಿಕ್ಯಾಮ್ ಇದೆ.