ದುಡಿಯಲು ದೊಡ್ಡವಳು, ಮದುವೆಗೆ ಚಿಕ್ಕವಳೇ?

ಜಿಗಣಿಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ, ಪಿ.ಜಿ. ಕೋಣೆಯಲ್ಲಿ ಇನ್ನೂ ಐಡಿ ಕಾರ್ಡ್ ಕೂಡ ಬಿಚ್ಚಿರದ ಹುಡುಗಿಗೆ ಊರಿಂದ ಫೋನು. ಮೊದಲು ಸಂಬಳದ ವಿಚಾರ, ಆಮೇಲೆ ಗಂಡಿನ ಜಾತಕ. ಮನೆ ಸಾಲ ತೀರಿಸುವಷ್ಟು ದೊಡ್ಡವಳಾದ ಮಗಳು, ಸಂಗಾತಿಯ ಮಾತೆತ್ತಿದರೆ ಏನೂ ತಿಳಿಯದ ಕೂಸು!

ಮೆಚ್ಚಿದವನು ಬೇರೆ ಧರ್ಮದವನಾದರೆ 1954ರ ವಿಶೇಷ ವಿವಾಹ ಕಾಯ್ದೆ ಇದೆಯಲ್ಲ ಎನ್ನಬಹುದು. ಇದೆ, ಆದರೆ 30 ದಿನಗಳ ನೋಟಿಸು ಹೊರಡಿಸಬೇಕು. ಕಾಯಂ ವಾಸ ಬೇರೆ ಜಿಲ್ಲೆಯಾದರೆ ಅದರ ಪ್ರತಿ ಅಲ್ಲಿನ ವಿವಾಹಾಧಿಕಾರಿ ಕಚೇರಿಯ ಗೋಡೆಗೂ ಅಂಟುತ್ತದೆ. ಚಾಡಿ ಹೇಳಲು ನೆಂಟರೇ ಬೇಕಿಲ್ಲ, ಸರ್ಕಾರವೇ ಸಾಕು.

ಬೆಳಗಾವಿ ಜಿಲ್ಲೆಯ ಯುವತಿಯೊಬ್ಬರು ಒಲಿದವರನ್ನು ವರಿಸಿದಾಗ, ಹೇಳಿಕೆ ಕೊಡಲು ಠಾಣೆಗೇ ಬರಬೇಕೆಂದು ಮುರಗೋಡ ಪೊಲೀಸರು ಪಟ್ಟು ಹಿಡಿದಿದ್ದರು. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಆ ಪ್ರಕರಣದಲ್ಲಿ ದಾಖಲಾಗಿದ್ದ ಎಫ್‌ಐಆರ್ ರದ್ದುಪಡಿಸಿತು. ವಯಸ್ಕರಿಬ್ಬರು ಒಪ್ಪಿದ ಮೇಲೆ ಮನೆಯವರ, ಕುಲದವರ ಒಪ್ಪಿಗೆ ಬೇಕಿಲ್ಲ ಎಂದಿತು. ಇಂಥ ಪ್ರಕರಣಗಳನ್ನು ನಿಭಾಯಿಸುವ ಬಗ್ಗೆ 8 ವಾರಗಳಲ್ಲಿ ಪೊಲೀಸರಿಗೆ ಮಾರ್ಗಸೂಚಿ ರೂಪಿಸಿ, ತರಬೇತಿ ನೀಡುವಂತೆಯೂ ಸೂಚಿಸಿತು.

ನೋಟಿಸನ್ನು ಗೋಡೆಗೆ ಅಂಟಿಸುವ ನಿಯಮವನ್ನು ಸಂಸತ್ತು ತೆಗೆದುಹಾಕಲಿ. ಹೆತ್ತವರೂ ಜಾತಕ ಹಿಡಿದು ಜೋಯಿಸರ ಬಳಿಗೆ ಓಡುವ ಮುನ್ನ ಒಮ್ಮೆ ಮಗಳನ್ನೇ ಕೇಳಲಿ.