ಲ್ಯಾಂಪ್ ಆರ್ಡರ್ ಮಾಡೋ ಮೊದ್ಲು ಬಾಗಿಲು ತೆಗಿ

ಟೊರಾಂಟೊದಲ್ಲಿರೋ ನಮ್ಮಕ್ಕ ಚಳಿಗಾಲದಾಗ ದಿನಾ ಬೆಳಿಗ್ಗೆ ಅರ್ಧ ಗಂಟೆ 10,000 ಲಕ್ಸ್ ಲ್ಯಾಂಪ್ ಮುಂದೆ ಕೂಡ್ತಾಳ. ನಾನು ನಕ್ಕಿದ್ದೆ, ತಪ್ಪು ನಂದೇ. ಅಲ್ಲಿ ಡಿಸೆಂಬರ್‌ನಲ್ಲಿ ಐದರೊಳಗೇ ಕತ್ತಲು. ಬೆಳಕು ಕಡಿಮೆಯಾದ್ರ ಕೆಲವರ ಮನಸ್ಸೂ ಕುಗ್ಗತದ. 1984ರಲ್ಲೇ ಡಾ. ನಾರ್ಮನ್ ರೋಸೆಂಥಾಲ್ ತಂಡ ಈ ಕಾಯಿಲೆ, ಬೆಳಕಿನ ಚಿಕಿತ್ಸೆ ಎರಡರ ಬಗ್ಗೆನೂ ಬರೆದಿತ್ತು.

ಹೋದ ಸೆಮಿಸ್ಟರ್ ಕಿಟಕಿ ಇಲ್ಲದ ರೂಮಿನಾಗ ಹನ್ನೊಂದರ ತನಕ ಮಲಗಿ, ನಾನೂ ಅದೇ ಲ್ಯಾಂಪ್ ಹುಡುಕ್ತಿದ್ದೆ! ನಮ್ಮ ಗೂಗಲ್‌ನಾಗ ಕೃಷ್ಣಾ ದಂಡಿ ಬಿಸಿಲು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ, ಅದೂ ಪುಕ್ಕಟೆ. ನಮಗ ಬೇಕಾಗಿದ್ದು ಲ್ಯಾಂಪ್ ಅಲ್ಲ, ಹೊಸ್ತಿಲು ದಾಟೋದು.

ಬಿಸಿಲಿಗೆ ಬಂದ್ರೂ ಎರಡು ವಾರ ಮನಸ್ಸು ಏಳಲಿಲ್ಲ ಅಂದ್ರ, ಸೋಮಾರಿ ಅಂತ ನಿನ್ನ ನೀನೇ ಬೈಕೋಬ್ಯಾಡ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ಕನ್ನಡದಾಗೇ ಮಾತಾಡು. ಇಲ್ಲಾ ನನಗ ಮೆಸೇಜ್ ಹಾಕು, ನಾಳೆ ಏಳಕ್ಕೆ ಇಬ್ರೂ ದಂಡಿಗೆ ಹೋಗೋಣ.