ಬುದ್ಧಿ ಹೇಳುವ ಮೊದಲು ಒಮ್ಮೆ ಅವಳ ಮನೆಗೆ ಹೋಗಿ

ಎರಡು ವರ್ಷ ಒಂದೇ ರೂಮಿನಲ್ಲಿ ಇದ್ದವಳ ಬಗ್ಗೆ ನಮಗೆ ಏನೆಲ್ಲ ಗೊತ್ತಿರುತ್ತದೆ! ಎಷ್ಟು ಗಂಟೆಗೆ ಅಲಾರಾಂ ಇಡುತ್ತಾಳೆ, ಯಾವ ವಿಷಯದಲ್ಲಿ ಅಂಕ ಕಡಿಮೆ, ತಿಂಗಳ ಕೊನೆಯಲ್ಲಿ ಯಾರ ಹತ್ತಿರ ಸಾಲ ಕೇಳುತ್ತಾಳೆ, ಎಲ್ಲವೂ. ಅವಳ ಮನೆ ಹೇಗಿದೆ ಎಂದು ಮಾತ್ರ ಗೊತ್ತಿರುವುದಿಲ್ಲ. ಧಾರವಾಡದ ಸಪ್ತಾಪುರದಲ್ಲಿ ಕುಳಿತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮಂಥವರು ಬೇಸರವಾದರೆ ದಾಂಡೇಲಿಗೆ ಹೋಗುತ್ತೇವೆ, ಗೋಕರ್ಣಕ್ಕೆ ಹೋಗುತ್ತೇವೆ. ಪಕ್ಕದ ಮಂಚದವಳ ಊರಿಗೆ ಹೋಗುವುದಿಲ್ಲ. ಆದರೂ ಅವಳಿಗೆ ಬುದ್ಧಿ ಹೇಳುವುದರಲ್ಲಿ ಯಾರೂ ಹಿಂದೆ ಬೀಳುವುದಿಲ್ಲ.

ನಾನೂ ಬಿದ್ದಿರಲಿಲ್ಲ. ನನ್ನ ಗೆಳತಿ ಇಂಡಿ ತಾಲ್ಲೂಕಿನ ಹಳ್ಳಿಯವಳು. ಎರಡು ಪರೀಕ್ಷೆಗಳಲ್ಲಿ ಅವಳ ಹೆಸರು ಆಯ್ಕೆ ಪಟ್ಟಿಯಲ್ಲಿ ಬಂದಿರಲಿಲ್ಲ. ಮನೆಗೆ ಫೋನ್ ಮಾಡಿದಾಗಲೆಲ್ಲ, ‘ರಿಸಲ್ಟ್ ಇನ್ನೂ ಬಿಟ್ಟಿಲ್ಲ’ ಎನ್ನುತ್ತಿದ್ದಳು. ‘ಇದೇನು ಹೇಡಿತನ? ಇದ್ದದ್ದನ್ನು ಹೇಳಿಬಿಡು, ನಿನ್ನನ್ನೇನು ನುಂಗುತ್ತಾರಾ?’ ಎಂದು ನಾನು ಪುಸ್ತಕದಿಂದ ತಲೆಯೆತ್ತದೆ ಹೇಳುತ್ತಿದ್ದೆ. ಅವಳು ಉತ್ತರ ಕೊಡುತ್ತಿರಲಿಲ್ಲ.

2024ರ ಆಗಸ್ಟ್ 27ರಂದು ನಡೆದಿದ್ದ 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಪೂರ್ವಭಾವಿ ಪರೀಕ್ಷೆ ಕನ್ನಡ ಅನುವಾದದ ತಪ್ಪುಗಳಿಂದಾಗಿ ಡಿಸೆಂಬರ್ 29ರಂದು ಮತ್ತೆ ನಡೆಯಿತಲ್ಲ, ಅದನ್ನು ನಾವಿಬ್ಬರೂ ಬರೆದೆವು. ಮರುದಿನ ಎಳ್ಳ ಅಮಾವಾಸ್ಯೆ. ‘ಚರಗ ಚೆಲ್ಲೋದು ನೋಡಬೇಕಿತ್ತು’ ಎಂದು ನಾನೇ ಗಂಟುಬಿದ್ದೆ. ಅವಳು ಮೊದಲು ಏನೇನೋ ನೆಪ ಹೇಳಿದಳು. ಬಸ್ ಚಾರ್ಜಿನ ನೆಪ ನಡೆಯಲಿಲ್ಲ. ಆಧಾರ್ ಕಾರ್ಡ್ ತೋರಿಸಿದರೆ ಶೂನ್ಯ ಟಿಕೆಟ್. ರಾತ್ರಿ ಬಸ್ಸು ಹತ್ತಿ ವಿಜಯಪುರದಲ್ಲಿ ಇಳಿದು, ಇಂಡಿ ಕಡೆಯ ಮೊದಲ ಬಸ್ಸು ಹಿಡಿದು, ಬೆಳಿಗ್ಗೆ ಅವರ ಊರು ಸೇರಿದೆವು.

ಮಣ್ಣಿನ ಮಾಳಿಗೆಯ ಮನೆ. ನನಗಾಗಿ ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ಬಂತು. ಕರಾವಳಿಯವಳು, ರೊಟ್ಟಿ ಒಗ್ಗುತ್ತದೋ ಇಲ್ಲವೋ ಎಂದು, ಹಬ್ಬದ ಅಷ್ಟೊಂದು ಅಡುಗೆಯ ನಡುವೆ ಒಂದು ಪಾತ್ರೆ ಅನ್ನವೂ ಆಗಿತ್ತು. ನಾಚಿಕೆಯಾಗಿ ನಾನು ಮೂರು ಸಜ್ಜೆ ರೊಟ್ಟಿ ತಿಂದೆ. ಎಳ್ಳು ಹಚ್ಚಿದ ಆ ರೊಟ್ಟಿಗೆ ನಾಚಿಕೆಯ ಕಾರಣವೇನೂ ಬೇಕಿರಲಿಲ್ಲ ಅನ್ನಿ.

ಬುಟ್ಟಿ ಹೊತ್ತು ಹೊಲಕ್ಕೆ ಹೊರಡುವಾಗ ಕದ ಮುಂದೆ ಎಳೆದರು. ಅದರ ಹಿಂದೆ ಚಾಕ್‌ಪೀಸಿನಲ್ಲಿ ಡೇರಿಗೆ ಹಾಕಿದ ಹಾಲಿನ ಲೆಕ್ಕ. ಅದರ ಕೆಳಗೆ ಇನ್ನೊಂದು ಪಟ್ಟಿ, ಬರೀ ತಾರೀಖುಗಳು. ನೋಡುತ್ತಿದ್ದಂತೆ ಗೊತ್ತಾಯಿತು: ಎಲ್ಲ ನಮ್ಮ ಪರೀಕ್ಷೆಯ ದಿನಗಳು. ನಾಲ್ಕನೇ ಇಯತ್ತೆ ಓದಿದ ಅವಳ ಅಪ್ಪ, ಫೋನಿನಲ್ಲಿ ಕೇಳಿಸಿಕೊಂಡದ್ದನ್ನು ಬರೆದಿಟ್ಟಿದ್ದರು. ಹಾಲಿನ ಲೆಕ್ಕದಲ್ಲಿ ಹಣ ಬಂದಲ್ಲೆಲ್ಲ ಅಡ್ಡ ಗೆರೆ ಹೊಡೆದಿದ್ದರು. ಪರೀಕ್ಷೆಯ ಪಟ್ಟಿಯಲ್ಲಿ ಒಂದಕ್ಕೂ ಗೆರೆಯಿಲ್ಲ. ಎಲ್ಲವೂ ‘ರಿಸಲ್ಟ್ ಬಿಟ್ಟಿಲ್ಲ’ದವು.

ನಾನು ಗೆಳತಿಯ ಮುಖ ನೋಡಲಿಲ್ಲ.

ಹೊಲದಲ್ಲಿ ಬಿಳಿಜೋಳ ತೆನೆ ಹಿರಿಯುತ್ತಿತ್ತು. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ, ಸುತ್ತ ಚರಗ ಚೆಲ್ಲಿ ಎಲ್ಲರೂ ಉಣ್ಣಲು ಕೂತಾಗ ಅವಳ ಅವ್ವ ಕೇಳಿದರು, ‘ಒಂದ ಪರೀಕ್ಷಾ ಎರಡ ಸಲ ಯಾಕ ಬರಿಸಿದ್ರು?’ ಕನ್ನಡ ಪ್ರಶ್ನೆಗಳು ತಪ್ಪಾಗಿದ್ದವು ಎಂದೆ. ‘ಸರಕಾರದವರಿಗೇ ಕನ್ನಡ ಬರಂಗಿಲ್ಲೇನು?’ ಅಪ್ಪ ಜೋರಾಗಿ ನಕ್ಕರು. ಗೆಳತಿ ನಗಲಿಲ್ಲ.

ಊಟವಾದ ಮೇಲೆ ಅವಳು ಚಿಕ್ಕ ಮಕ್ಕಳನ್ನು ಕರೆದುಕೊಂಡು ನಿಂಬೆ ತೋಟದ ಕಡೆ ಹೋದಳು. ಅವ್ವ ಪಾತ್ರೆ ಬುಟ್ಟಿಗೆ ತುಂಬುತ್ತಾ ದನಿ ತಗ್ಗಿಸಿದರು. ‘ಯವ್ವಾ, ನೀ ಆದ್ರೂ ಖರೇ ಹೇಳು. ಇಕಿಗೆ ನೌಕರಿ ಆಗೂದು ಅದನೋ ಇಲ್ಲೋ? ಮಗ್ಗಲ ಊರಿಂದ ಒಂದ್ ವರಾ ಬಂದದ. ಅವರಿಗೆ ಏನ್ ಹೇಳೂನು?’

ರೂಮಿನಲ್ಲಿ ಎಷ್ಟು ಸಲೀಸಾಗಿ ಹೇಳುತ್ತಿದ್ದೆ, ಇದ್ದದ್ದನ್ನು ಹೇಳಿಬಿಡು ಎಂದು! ಇಲ್ಲಿ ಆ ಹೆಂಗಸು ಕೈಯಲ್ಲಿ ಬುಟ್ಟಿ ಹಿಡಿದು ನನ್ನ ಬಾಯಿ ನೋಡುತ್ತಿದ್ದಾರೆ. ಆಗುತ್ತದೆ ಎಂದರೆ ಸುಳ್ಳು. ಎರಡು ಸಲ ಆಗಿಲ್ಲ ಎಂದರೆ ಆ ವರನಿಗೆ ಹೂಂ ಎನ್ನುತ್ತಾರೇನೋ. ಕೊನೆಗೆ ಹೇಳಿದೆ: ಎರಡರ ರಿಸಲ್ಟ್ ಬಂದಿದೆ, ಆಗಿಲ್ಲ. ಒಂದರಲ್ಲಿ ಮೂರೇ ಅಂಕ ಕಡಿಮೆ. ಓದುವುದರಲ್ಲಿ ಕೊರತೆಯಿಲ್ಲ. ಯಾವಾಗ ಆಗುತ್ತದೆ ಎಂದು ಮಾತ್ರ ನನಗೆ ಹೇಳಲು ಬರುವುದಿಲ್ಲ.

‘ಮೂರಾ?’ ಎಂದರು. ಆಮೇಲೆ ಬುಟ್ಟಿ ತಲೆಗೇರಿಸಿಕೊಂಡು ನಡೆದರು.

ಹಿಂತಿರುಗುವ ಬಸ್ಸಿನಲ್ಲಿ ವಿಜಯಪುರದವರೆಗೂ ಗೆಳತಿ ಮಾತಾಡಲಿಲ್ಲ. ‘ಅದನ್ನ ಹೇಳೂದು ನಂದಿತ್ತು, ನಿಂದಲ್ಲ’ ಎಂದಳು ಕೊನೆಗೆ. ಅವಳು ಹೇಳಿದ್ದು ಸರಿ ಎಂದೇ ನನಗೆ ಈಗಲೂ ಅನ್ನಿಸುತ್ತದೆ. ಹಾಗಂತ ನಾನು ಬೇರೇನು ಹೇಳಬಹುದಿತ್ತು ಎಂಬುದೂ ಹೊಳೆದಿಲ್ಲ. ಆ ವರ ಯುಗಾದಿಯವರೆಗೆ ಕಾಯಲಿಲ್ಲ. ಮನೆಯಲ್ಲಿ ಸ್ವಲ್ಪ ದಿನ ಮುನಿಸಿತ್ತಂತೆ. ಈಗ ಅಪ್ಪ ಫೋನ್ ಮಾಡಿದರೆ ‘ರಿಸಲ್ಟ್ ಬಂತಾ’ ಎಂದು ಕೇಳುವುದಿಲ್ಲ, ‘ಕಟಾಫ್ ಎಷ್ಟಕ್ಕ ನಿಂತತಿ’ ಎಂದು ಕೇಳುತ್ತಾರೆ.

ಗೆಳೆಯರ ಮನೆಗೆ ಹೋಗಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಆದರೆ ಐದಾರು ಮಂದಿ ಗುಂಪು ಕಟ್ಟಿಕೊಂಡು, ಹಳ್ಳಿಯ ಒಲೆ ಮುಂದೆ ರೀಲ್ಸ್ ಮಾಡಲು ಹೋಗುವವರಿಗೆ ಈ ಮಾತಲ್ಲ. ಒಬ್ಬರಿಗೆ ಒಂದು ಪಾತ್ರೆ ಅನ್ನ ಹೆಚ್ಚಾಗುವ ಮನೆಗೆ ಆರು ಮಂದಿ ಏನು ಅಂತ ಅಲ್ಲಿ ಕೂತಾಗ ತಿಳಿಯುತ್ತದೆ. ಗೆಳೆಯ ‘ಬೇಡ’ ಎಂದರೆ ಬಲವಂತ ಮಾಡುವುದೂ ಸಲ್ಲ. ನಾನು ಮಾಡಿದ್ದು ಅದೇ, ಅದು ತಪ್ಪು. ಕರೆದರೆ ಮಾತ್ರ ತಪ್ಪಿಸಬೇಡಿ. ‘ಮುಂದಿನ ಸಲ ಬರ್ತೀನಿ’ ಎನ್ನುತ್ತಲೇ ಡಿಗ್ರಿಯ ಮೂರು ವರ್ಷ ಮುಗಿಸಿದವರಲ್ಲಿ ನಾನೂ ಒಬ್ಬಳು. ಅಲ್ಲಿಯವರೆಗೆ ‘ಸರ್ಕಾರಿ ನೌಕರಿಯ ಹುಚ್ಚು ಬಿಡು’, ‘ಮನೆಯವರಿಗೆ ಹೆದರಬೇಡ’ ಎಂಬ ಮಾತುಗಳನ್ನು ಸ್ವಲ್ಪ ತಡೆದಿಟ್ಟುಕೊಳ್ಳಬಹುದು.

ಅಂದಹಾಗೆ, ಈಗ ಅವಳು ನಮ್ಮ ಮನೆಗೆ ಬರಬೇಕೆಂದು ಅಮ್ಮ ಹಟ ಹಿಡಿದಿದ್ದಾಳೆ. ನಮ್ಮ ಕದದ ಹಿಂದೆ ಯಾವ ಪಟ್ಟಿಯೂ ಇಲ್ಲ. ಆದರೆ ನಾನು ಬರೆದ ಒಂದು ಪರೀಕ್ಷೆಯ ರಿಸಲ್ಟ್ ಇನ್ನೂ ಬಂದಿಲ್ಲ ಎಂದೇ ಅಮ್ಮ ತಿಳಿದುಕೊಂಡಿದ್ದಾಳೆ, ಪಕ್ಕದ ಮನೆಯವರಿಗೂ ಹಾಗೇ ಹೇಳಿದ್ದಾಳೆ. ಗೆಳತಿ ಬರುವುದು ಮುಂದಿನ ತಿಂಗಳ ಎರಡನೇ ಶನಿವಾರ. ಅಷ್ಟರೊಳಗೆ ನಾನು ಅಮ್ಮನಿಗೆ ಒಂದು ಫೋನ್ ಮಾಡಬೇಕು.